ಡಿ ಅಂಡ್ ಡಿ ಗುಂಪಿನಲ್ಲಿ ವ್ಯಾಂಪೈರ್ ಪಾತ್ರ ಆಡಬಹುದಾ? ಉಳಿದವರ ಆಟ ಕೆಡುತ್ತದಾ?

ನೀವು ಕೇಳಿರುವುದು ಇಷ್ಟು: ಡಿ ಅಂಡ್ ಡಿ, ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಗುಂಪಿನಲ್ಲಿ ಹೊಸ ಕ್ಯಾಂಪೇನ್ (ಹಲವು ಸೆಷನ್ ನಡೆಯುವ ಕಥೆ) ಶುರುವಾಗುತ್ತಿದೆ, ನಿಮಗೆ ವ್ಯಾಂಪೈರ್ (ರಕ್ತ ಹೀರುವ ಪಿಶಾಚಿ) ಆಡುವ ಆಸೆ. ಡಿಎಂ, ಅಂದರೆ ಆಟ ನಡೆಸುವವರು, "ನೋಡೋಣ" ಅಂದಿದ್ದಾರೆ. ಅಷ್ಟರಲ್ಲಿ ಇನ್ನೊಬ್ಬರು ಕ್ಲೆರಿಕ್ (ದೇವರ ಬಲದಿಂದ ಗಾಯ ಮಾಯಿಸುವ, ಪಿಶಾಚಿ ಓಡಿಸುವ ಪಾದ್ರಿ) ಪಾತ್ರ ತಗೊಂಡು ಕೂತಿದ್ದಾರೆ. ಆಡಬಹುದಾ, ಆಡಿದರೆ ಹೇಗೆ?

ಆಡಬಹುದು. ನಾನು ಆಡಿದ್ದೇನೆ. ಡಿಎಂ ಆಗಿ ಇನ್ನೊಬ್ಬರ ವ್ಯಾಂಪೈರನ್ನು ಸಂಭಾಳಿಸಿಯೂ ಇದ್ದೇನೆ. ವ್ಯಾಂಪೈರ್ ಅಂದ ತಕ್ಷಣ ಎಲ್ಲರ ಕಣ್ಣೂ ಅದರ ಶಕ್ತಿಗಳ ಮೇಲೆ ಬೀಳುತ್ತದೆ. ಗೋಡೆ ಹತ್ತುವುದು, ಮಂಜಾಗುವುದು, ಕಣ್ಣಲ್ಲೇ ಮರುಳು ಮಾಡುವುದು. ನೀವು ದೌರ್ಬಲ್ಯಗಳಿಂದ ಶುರು ಮಾಡಿ. ಶಕ್ತಿ ನಿಮ್ಮೊಬ್ಬರ ಕ್ಯಾರೆಕ್ಟರ್ ಶೀಟಿನಲ್ಲಿ (ಪಾತ್ರದ ವಿವರ ಬರೆದ ಹಾಳೆಯಲ್ಲಿ) ಇರುತ್ತದೆ, ಆದರೆ ದೌರ್ಬಲ್ಯ ಅಂದರೆ ಮೇಜಿನ ಸುತ್ತ ಕೂತ ಎಲ್ಲರಿಗೂ ಕೆಲಸ ಸಿಗುತ್ತದೆ.

ಮೊದಲು ಆ ಕ್ಲೆರಿಕ್ ವಿಷಯ. ನಿಮ್ಮಿಬ್ಬರ ಜಗಳ ಈ ಆಟಕ್ಕಿಂತ ಹಳೆಯದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಚ್ಚಾಗಿದ್ದು 1974ರಲ್ಲಿ. ಅದಕ್ಕೂ ಮೊದಲೇ ಈ ಆಟ ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಡೇವ್ ಆರ್ನೆಸನ್ ತಮ್ಮ ಗೆಳೆಯರ ಜೊತೆ ಬ್ಲ್ಯಾಕ್‌ಮೂರ್ ಅನ್ನುವ ಕ್ಯಾಂಪೇನ್ ನಡೆಸುತ್ತಿದ್ದರು. ಅದರಲ್ಲಿ ಒಬ್ಬ ಆಟಗಾರನ ಪಾತ್ರ ಸರ್ ಫ್ಯಾಂಗ್ ಅನ್ನುವ ವ್ಯಾಂಪೈರ್. ಅವನ ಬಲ ಏರುತ್ತಾ ಹೋಯಿತು, ಯಾರ ಕೈಗೂ ಸಿಗದಂತಾದ. ಅವನಿಗೆ ಎದುರಾಗಿ ನಿಲ್ಲಲು ಪಿಶಾಚಿ ಬೇಟೆಯಾಡುವ ಒಬ್ಬ ಪಾದ್ರಿಯನ್ನು ಆಟಕ್ಕೆ ತಂದರು. ಮುಂದೆ ಅದೇ ಕ್ಲೆರಿಕ್ ಕ್ಲಾಸ್ (ಪಾತ್ರದ ಕಸುಬು) ಆಯಿತು. ಅಂದರೆ ಆಟಗಾರನ ಕೈಯಲ್ಲಿದ್ದ ವ್ಯಾಂಪೈರ್ ಆಟದ ತೂಕ ಕೆಡಿಸಿದ್ದಕ್ಕೇ ಕ್ಲೆರಿಕ್ ಹುಟ್ಟಿದ್ದು. ನಿಮ್ಮ ಡಿಎಂ "ನೋಡೋಣ" ಅಂದಿದ್ದರಲ್ಲಿ ತಪ್ಪೇನೂ ಇಲ್ಲ!

ಈಗ ನಿಯಮದ ಮಾತು. ಐದನೇ ಎಡಿಷನ್‌ನ 2014ರ ರಾಕ್ಷಸ-ಪ್ರಾಣಿಗಳ ಪುಸ್ತಕ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ ಆಟಗಾರನ ಪಾತ್ರ ವ್ಯಾಂಪೈರ್ ಆದರೆ ಏನಾಗುತ್ತದೆ ಅಂತ ಬರೆದಿದ್ದಾರೆ. ಸ್ಟ್ರೆಂತ್, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್ (ಬಲ, ಚುರುಕು, ತಾಳಿಕೆ) ಮೂರೂ 18ಕ್ಕೆ ಏರುತ್ತವೆ. ವ್ಯಾಂಪೈರ್‌ನ ಎಲ್ಲ ಗುಣಗಳೂ ಬರುತ್ತವೆ. ಅಲೈನ್‌ಮೆಂಟ್ ಲಾಫುಲ್ ಈವಿಲ್ (ಕ್ರಮಬದ್ಧ ದುಷ್ಟ ಸ್ವಭಾವ) ಆಗುತ್ತದೆ. ಡಿಎಂಗೆ ಬೇಕೆನಿಸಿದರೆ ಪಾತ್ರವನ್ನೇ ನಿಮ್ಮ ಕೈಯಿಂದ ತಗೊಳ್ಳಬಹುದು. ಇದನ್ನು ಶುರುವಿನ ಲೆವೆಲ್‌ಗಳಲ್ಲಿ ಕೇಳಲೇಬೇಡಿ. ಆ ವ್ಯಾಂಪೈರ್ ಚಾಲೆಂಜ್ ರೇಟಿಂಗ್ (ಎದುರಾಳಿಯಾಗಿ ಎಷ್ಟು ಕಠಿಣ ಅನ್ನುವ ಅಂಕಿ) 13ರ ಪ್ರಾಣಿ, ಪ್ರತಿ ಟರ್ನ್‌ಗೆ 20 ಹಿಟ್ ಪಾಯಿಂಟ್ (ಜೀವದ ಅಂಕ) ತಾನಾಗಿಯೇ ವಾಪಸ್ ಪಡೆಯುತ್ತದೆ. ಪಕ್ಕದಲ್ಲಿ ಮೂರನೇ ಲೆವೆಲ್‌ನ ಕಳ್ಳನೊಬ್ಬ ಕಠಾರಿ ಹಿಡಿದು ನಿಂತಿದ್ದರೆ ಅವನಿಗೆ ಉಳಿಯುವ ಕೆಲಸ ಚಪ್ಪಾಳೆ ತಟ್ಟುವುದು.

ನನ್ನ ಸಲಹೆ ಡಾಂಪಿರ್. 2021ರ ರೇವನ್‌ಲಾಫ್ಟ್ ಗೈಡ್‌ನಲ್ಲಿ ಬಂದದ್ದು. ಪೂರ್ತಿ ವ್ಯಾಂಪೈರ್ ಅಲ್ಲ, ಅರ್ಧ. ಕಚ್ಚಿದರೆ ಒಂದು ಡಿ4 (ನಾಲ್ಕು ಮುಖದ ದಾಳ) ಡ್ಯಾಮೇಜ್, ಅದಕ್ಕೆ ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ (ಆ ಗುಣದ ಹೆಚ್ಚುವರಿ ಅಂಕ) ಸೇರುತ್ತದೆ. ನಿಮ್ಮ ಹಿಟ್ ಪಾಯಿಂಟ್ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದಾಗ ಕಚ್ಚಲು ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು) ಸಿಗುತ್ತದೆ. ಇದು ನನಗೆ ತುಂಬಾ ಇಷ್ಟ. ಏಟು ತಿಂದಷ್ಟೂ ಪಾತ್ರಕ್ಕೆ ಕಚ್ಚುವ ಚಪಲ ಹೆಚ್ಚುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಗೋಡೆ ಹತ್ತಬಹುದು, ಉಸಿರಾಡುವ ಅಗತ್ಯ ಇಲ್ಲ. ಎಲ್ಲಕ್ಕಿಂತ ಮುಖ್ಯ, ಡಾಂಪಿರ್ ಅನ್‌ಡೆಡ್ (ಸತ್ತೂ ಓಡಾಡುವ ಜೀವಿ) ಅಲ್ಲ. ಹಾಗಾಗಿ ಕ್ಲೆರಿಕ್‌ನ ಗಾಯ ಮಾಯಿಸುವ ಸ್ಪೆಲ್ ಕ್ಯೂರ್ ವೂಂಡ್ಸ್ ನಿಮಗೂ ಕೆಲಸ ಮಾಡುತ್ತದೆ. 2014ರ ನಿಯಮದಲ್ಲಿ ಆ ಸ್ಪೆಲ್ ಅನ್‌ಡೆಡ್ ಮೇಲೆ ಏನೂ ಮಾಡುವುದಿಲ್ಲ. ಪೂರ್ತಿ ವ್ಯಾಂಪೈರ್ ಆಗಿ ಬಿದ್ದುಕೊಂಡಿದ್ದರೆ ಕ್ಲೆರಿಕ್ ನಿಮ್ಮನ್ನು ನೋಡಿ ಅಯ್ಯೋ ಅನ್ನಬಹುದು, ಅಷ್ಟೇ.

ಬೇರೆ ದಾರಿಗಳೂ ಇವೆ. ನಾಲ್ಕನೇ ಎಡಿಷನ್‌ನಲ್ಲಿ, 2011ರಲ್ಲಿ, ವ್ಯಾಂಪೈರ್ ಅಂತಲೇ ಒಂದು ಕ್ಲಾಸ್ ಬಂತು. ಬೇರೆಯವರಿಗೆ ಧಾರಾಳವಾಗಿ ಹೀಲಿಂಗ್ ಸರ್ಜ್ (ದಿನದ ಚೇತರಿಕೆಯ ಕೋಟಾ) ಇದ್ದರೆ ಇದಕ್ಕೆ ಎರಡೇ. ಉಳಿದದ್ದನ್ನು ಶತ್ರುಗಳ ರಕ್ತದಿಂದಲೇ ಸಂಪಾದಿಸಬೇಕು. ಆ ಎಡಿಷನ್‌ಗೆ ಎಷ್ಟು ಬೈದರೂ ಈ ಐಡಿಯಾ ಮಾತ್ರ ಭಾರೀ ಚೆನ್ನಾಗಿತ್ತು. ಇದೇ ಬಗೆಯ ಇನ್ನೊಂದು ಆಟ ಪಾತ್‌ಫೈಂಡರ್ ಎರಡನೇ ಎಡಿಷನ್ ಆಡುವವರಿಗೆ 2022ರ ಬುಕ್ ಆಫ್ ದ ಡೆಡ್‌ನಲ್ಲಿ ವ್ಯಾಂಪೈರ್ ಆರ್ಕಿಟೈಪ್ ಇದೆ, ಲೆವೆಲ್ ಏರಿದಂತೆ ಸ್ವಲ್ಪ ಸ್ವಲ್ಪವಾಗಿ ಶಕ್ತಿ ಸಿಗುತ್ತದೆ. ಇನ್ನು ನಿಮಗೆ ಬೇಕಿರುವುದು ರಾತ್ರಿಯ ಪಟ್ಟಣ, ಕುಲಗಳ ರಾಜಕೀಯ, ಮನುಷ್ಯತ್ವ ಕಳೆದುಕೊಳ್ಳುವ ಸಂಕಟ ಆಗಿದ್ದರೆ ಅದು ಬೇರೆಯೇ ಆಟ. 1991ರಿಂದ ಇರುವ ವ್ಯಾಂಪೈರ್: ದ ಮಾಸ್ಕರೇಡ್ ಆಡಿ. ಅಲ್ಲಿ ಎಲ್ಲರೂ ವ್ಯಾಂಪೈರ್‌ಗಳೇ, ಯಾರಿಗೂ ವಿಶೇಷ ಉಪಚಾರ ಇಲ್ಲ.

ಸರಿ, ಡಾಂಪಿರ್ ತಗೊಂಡಿರಿ ಅಂದುಕೊಳ್ಳೋಣ. ನಿಯಮದ ಪ್ರಕಾರ ಅದಕ್ಕೆ ವ್ಯಾಂಪೈರ್‌ನ ದೌರ್ಬಲ್ಯಗಳು ಇಲ್ಲ. ನೀವೇ ಡಿಎಂ ಹತ್ತಿರ ಹೋಗಿ ಒಂದೋ ಎರಡೋ ಕೇಳಿ ಹಾಕಿಸಿಕೊಳ್ಳಿ. ಆಟಗಾರ ತಾನಾಗಿ ತೊಂದರೆ ಕೇಳಿದರೆ ಬೇಡ ಅನ್ನುವ ಡಿಎಂ ಅಪರೂಪ. ಯಾವುದನ್ನು ಕೇಳಬೇಕು ಅನ್ನುವುದೇ ಪ್ರಶ್ನೆ.

ಬಿಸಿಲು ಬೇಡ. ಎಲ್ಲರೂ ಮೊದಲು ಅದನ್ನೇ ಹೇಳುತ್ತಾರೆ, ಮೇಜಿನ ಮೇಲೆ ಅದಕ್ಕಿಂತ ಬೇಸರದ್ದು ಇನ್ನೊಂದಿಲ್ಲ. ಮಾನ್ಸ್ಟರ್ ಮ್ಯಾನ್ಯುಯಲ್‌ನ ವ್ಯಾಂಪೈರ್‌ಗೆ ಬಿಸಿಲಲ್ಲಿ ಪ್ರತಿ ಟರ್ನ್ 20 ರೇಡಿಯಂಟ್ (ಬೆಳಕಿನ) ಡ್ಯಾಮೇಜ್. ಹಾಗಾದರೆ ಇಡೀ ಪಾರ್ಟಿ (ಪಾತ್ರಗಳ ತಂಡ) ರಾತ್ರಿಯೇ ಪ್ರಯಾಣ ಮಾಡಬೇಕು. ಪಟ್ಟಣಕ್ಕೆ ಹೋದರೆ ಅಂಗಡಿ ಮುಚ್ಚಿರುತ್ತದೆ, ರಾಜನನ್ನು ಕಾಣಬೇಕಾದರೆ ಅವನು ಮಲಗಿರುತ್ತಾನೆ. ನಿಮ್ಮೊಬ್ಬರ ದೌರ್ಬಲ್ಯಕ್ಕೆ ಉಳಿದವರಿಗೆ ಶಿಕ್ಷೆ. "ಬಿಸಿಲಿಲ್ಲದೆ ಅದೆಂಥ ವ್ಯಾಂಪೈರ್" ಅಂತ ಯಾರಾದರೂ ಮೂಗು ಮುರಿದರೆ ಹೇಳಿ: 1897ರ ಡ್ರಾಕುಲಾ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಮ್ಮಿ ಇರುತ್ತದೆ ಅಷ್ಟೇ. ಬಿಸಿಲು ತಾಗಿ ಸಾಯುವುದು ಹರಡಿದ್ದು 1922ರ ಮೂಕಿ ಸಿನಿಮಾ ನೊಸ್ಫೆರಾಟುವಿನಿಂದ. ಬೇಕಿದ್ದರೆ ಬಿಸಿಲಲ್ಲಿ ದಾಳಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಚಿಕ್ಕದು) ಇಟ್ಟುಕೊಳ್ಳಿ, ಸಾಕು.

ಕರೆಯದೆ ಮನೆಯೊಳಗೆ ಹೋಗುವಂತಿಲ್ಲ ಅನ್ನುವುದನ್ನು ಮಾತ್ರ ಬಿಡಬೇಡಿ. ಇದರಷ್ಟು ಆಟ ಕೊಡುವ ನಿಯಮ ಇನ್ನೊಂದಿಲ್ಲ. ಕರೆಯಬೇಕಾದವರು ಆ ಮನೆಯಲ್ಲಿ ವಾಸ ಇರುವವರೇ, ನಿಮ್ಮ ಗೆಳೆಯರು ಒಳಗೆ ಹೋಗಿ ಕರೆದರೆ ನಡೆಯುವುದಿಲ್ಲ. ನಮ್ಮ ಆಟದಲ್ಲಿ ಒಮ್ಮೆ ಕೊಲೆಯಾದ ವ್ಯಾಪಾರಿಯ ತಾಯಿಯನ್ನು ಮಾತಾಡಿಸಲು ಹೋದೆವು. ಮುದುಕಿ ಬಾಗಿಲು ತೆರೆದಳು, ಮುಂದಿದ್ದ ಮೂವರನ್ನು ಒಳಗೆ ಬಿಟ್ಟಳು, ಮಳೆಯಲ್ಲಿ ಹಿಂದೆ ನಿಂತ ನನ್ನ ಕಡೆ ಒಮ್ಮೆ ನೋಡಿ ಸುಮ್ನೆ ಹೋಗಿಬಿಟ್ಟಳು. ಬಾಗಿಲು ಹಾರುಹೊಡೆದಿದೆ, ನಾನು ಹೊಸ್ತಿಲ ಹೊರಗೆ. ಒಳಗೆ ಕಳ್ಳನ ಪಾತ್ರ ಆಡುತ್ತಿದ್ದವನು ಶುರು ಮಾಡಿದ:

"ಅಜ್ಜಿ, ನಮ್ಮ ಗೆಳೆಯ ಹೊರಗಿದ್ದಾನೆ."

"ಬಾಗಿಲು ತೆಗೆದೇ ಇದೆಯಲ್ಲಪ್ಪ."

"ಅವನಿಗೆ ನಾಚಿಕೆ ಜಾಸ್ತಿ. ಮನೆಯವರು ಕರೆದರಷ್ಟೇ ಬರುತ್ತಾನೆ."

ಡಿಎಂ ಡಿಸೆಪ್ಷನ್ (ಸುಳ್ಳು ನಂಬಿಸುವ) ರೋಲ್ ಕೇಳಿದರು. ಇಪ್ಪತ್ತಕ್ಕೆ ಬಿದ್ದದ್ದು ನಾಲ್ಕು. ಮುದುಕಿ ದೀಪ ಎತ್ತಿಕೊಂಡು ಬಂದು ನನ್ನ ಮುಖಕ್ಕೆ ಹಿಡಿದು, "ಎಲ್ಲಿ, ನಗು ನೋಡೋಣ" ಅಂದಳು. ನಾನು ಬಾಯಿ ಮುಚ್ಚಿಕೊಂಡೇ ನಕ್ಕೆ. ಅವಳು ಬಾಗಿಲು ಹಾಕಿಕೊಂಡಳು. ಅದೇ ಹೊತ್ತಿಗೆ ಅಟ್ಟದಲ್ಲಿ ಅಡಗಿದ್ದ ಕೊಲೆಗಾರ ಹಿಂದಿನ ಕಿಟಕಿಯಿಂದ ಹಾರಿದ, ಹೊರಗಿದ್ದವನು ನಾನೊಬ್ಬನೇ. ಇಷ್ಟೂ ಹುಟ್ಟಿದ್ದು ಒಂದು ಸಾಲಿನ ನಿಯಮದಿಂದ. ನಿಮ್ಮ ಪಾತ್ರ ಏನೂ ಮಾಡದೆ ಹೊರಗೆ ನಿಂತಿರುತ್ತದೆ, ಮಾತಾಡುವವರು ಉಳಿದವರು. ವ್ಯಾಂಪೈರ್ ಇರುವ ಮೇಜಿನಲ್ಲಿ ಅದು ಬೇಕೇ ಬೇಕು.

ಹರಿಯುವ ನೀರೂ ಚೆನ್ನಾಗಿದೆ, ಆದರೆ ಅದಕ್ಕೆ ನದಿ ಬೇಕು. ಬೆಳ್ಳುಳ್ಳಿ ಬರೀ ತಮಾಷೆಗೆ.

ಇನ್ನು ಹಸಿವು. ಅದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಲೆಕ್ಕಕ್ಕೆ ತನ್ನಿ. "ನನ್ನ ಪಾತ್ರಕ್ಕೆ ಹಸಿವಾಗಿದೆ" ಅಂತ ನೀವು ಪ್ರತಿ ಸೆಷನ್‌ನಲ್ಲೂ ಹೇಳುತ್ತಿದ್ದರೆ ಮೂರನೇ ಸಲಕ್ಕೆ ಯಾರೂ ಕಿವಿಗೊಡುವುದಿಲ್ಲ. ಮಾಸ್ಕರೇಡ್‌ನ 2018ರ ಐದನೇ ಎಡಿಷನ್‌ನಲ್ಲಿ ಹಂಗರ್ ಡೈಸ್ ಅಂತ ಇದೆ. ಹಸಿವು ಏರಿದಂತೆ ಮಾಮೂಲಿ ಡೈಸ್ ಜಾಗಕ್ಕೆ ಬೇರೆ ಬಣ್ಣದ ಡೈಸ್ ಬರುತ್ತವೆ, ಅವು ಕೈಕೊಟ್ಟರೆ ಒಳಗಿನ ಮೃಗ ಹೊರಬರುತ್ತದೆ. ನಾನು ಆ ಯೋಚನೆಯನ್ನು ಮಾತ್ರ ಕದ್ದು ಸರಳ ಮಾಡಿಕೊಂಡೆ. ಮೇಜಿನ ಮಧ್ಯೆ ಒಂದು ಕೆಂಪು ಡಿ6, ಒಂದರಲ್ಲಿ ಶುರು. ರಕ್ತ ಸಿಗದೆ ಒಂದು ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ) ಕಳೆದರೆ ಒಂದು ಮೇಲೆ. ಕುಡಿದರೆ ಮತ್ತೆ ಒಂದಕ್ಕೆ. ನಾಲ್ಕು ದಾಟಿದ ಮೇಲೆ ಹೊಡೆದಾಟದಲ್ಲಿ ಹತ್ತಿರ ಯಾರಿಗಾದರೂ ಗಾಯವಾದರೆ ವಿಸ್ಡಮ್ ಸೇವ್ (ಮನಸ್ಸನ್ನು ಹಿಡಿತದಲ್ಲಿಡುವ ರೋಲ್). ಸೋತರೆ ಮುಂದಿನ ಟರ್ನ್‌ನಲ್ಲಿ ಹತ್ತಿರದ ಗಾಯಾಳುವನ್ನು ಕಚ್ಚಲೇಬೇಕು. ಅದು ಶತ್ರುವೋ, ನಿಮ್ಮದೇ ಫೈಟರೋ, ಹತ್ತಿರ ಯಾರಿದ್ದಾರೋ ಅವರು. ಆ ಡೈಸ್ ಎಲ್ಲರಿಗೂ ಕಾಣುವಂತೆ ಇರಬೇಕು. ಅದು ಐದಕ್ಕೆ ಬಂದಾಗ ಉಳಿದವರು ತಾವಾಗಿಯೇ "ಇವನಿಗೆ ಏನಾದರೂ ಕುಡಿಸ್ರಪ್ಪಾ" ಅಂತ ಪರದಾಡುತ್ತಾರೆ.

ರಕ್ತ ಎಲ್ಲಿಂದ? ನಮ್ಮಲ್ಲಿದ್ದ ಏರ್ಪಾಡು: ಶಾರ್ಟ್ ರೆಸ್ಟ್‌ನಲ್ಲಿ ಒಪ್ಪಿದ ಗೆಳೆಯರೊಬ್ಬರು ಒಂದು ಹಿಟ್ ಡೈ (ಗಾಯ ಮಾಯಿಸಿಕೊಳ್ಳುವ ದಾಳ) ಖರ್ಚು ಮಾಡುತ್ತಾರೆ, ಅವರಿಗೆ ಚೇತರಿಕೆ ಇಲ್ಲ, ನನ್ನ ಹಸಿವು ಇಳಿಯುತ್ತದೆ. ಡ್ವಾರ್ಫ್ ಫೈಟರ್ ಆಡುತ್ತಿದ್ದವಳು ಗುಟುಕಿಗೆ ಎರಡು ಬೆಳ್ಳಿ ನಾಣ್ಯ ಅಂತ ದರ ಕಟ್ಟಿ, ತನ್ನ ಶೀಟಿನ ಹಿಂದೆ ಬಾಕಿ ಬರೆದುಕೊಳ್ಳುತ್ತಿದ್ದಳು. ಡ್ರ್ಯಾಗನ್ ನಿಧಿ ಹಂಚುವಾಗ ಬಡ್ಡಿ ಸಮೇತ ವಸೂಲಿ ಮಾಡಿದಳು. ಸೆರೆ ಸಿಕ್ಕ ಶತ್ರುವಿನ ರಕ್ತ ಕುಡಿಯಬಹುದಾ ಅನ್ನುವುದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಪ್ಯಾಲಡಿನ್‌ಗೆ (ಪ್ರತಿಜ್ಞೆ ತೊಟ್ಟ ಯೋಧನಿಗೆ) ಕೇಳಿ. ಅದು ಅವರಿಗೂ ಒಳ್ಳೆಯ ದೃಶ್ಯ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರಾತ್ರಿ ಒಬ್ಬರೇ ಬೇಟೆಗೆ ಹೋಗುವ ದೃಶ್ಯ ಆಡಬೇಡಿ. ನೀವೂ ಡಿಎಂ ಮಾತ್ರ ಮಾತಾಡುತ್ತಾ ಇರುತ್ತೀರಿ, ಉಳಿದವರು ಮೊಬೈಲ್ ನೋಡುತ್ತಾ ಇರುತ್ತಾರೆ. "ಬೇಟೆಗೆ ಹೋಗಿ ಬಂದೆ, ಕೋಟಿನ ತೋಳಿಗೆ ಮಣ್ಣಾಗಿದೆ" ಅಂತ ಒಂದು ಸಾಲು ಹೇಳಿ ಮುಂದೆ ಹೋಗಿ.

ಮರುಳು ಮಾಡುವ ಶಕ್ತಿ ಬಂದರೆ ಅದನ್ನು ಬೇರೆ ಆಟಗಾರರ ಪಾತ್ರಗಳ ಮೇಲೆ ಬಳಸಬಾರದು. ಆಟದಲ್ಲಿ ಅವರ ಕೈಯಲ್ಲಿ ಇರುವುದೇ ಅವರ ಪಾತ್ರ, ಅದನ್ನೂ ಕಿತ್ತುಕೊಂಡರೆ ಅವರು ಬಂದದ್ದಾದರೂ ಯಾಕೆ? ಕುತ್ತಿಗೆ ಕಚ್ಚುವುದು, ರಕ್ತ, ಒಪ್ಪಿಗೆ ಇಲ್ಲದ ಮುಟ್ಟುವಿಕೆ, ಇವೆಲ್ಲ ಎಲ್ಲರಿಗೂ ಹಿಡಿಸುವುದಿಲ್ಲ. ಆಟಕ್ಕೆ ಮೊದಲಿನ ಮಾತುಕತೆ ಸೆಷನ್ ಜೀರೋದಲ್ಲೇ ಕೇಳಿಬಿಡಿ, ಮೇಜಿನ ಮೇಲೆ ಒಂದು ಎಕ್ಸ್ ಕಾರ್ಡ್ ಇಡಿ. ಯಾರು ಅದನ್ನು ಮುಟ್ಟಿದರೂ ಕಾರಣ ಕೇಳದೆ ದೃಶ್ಯ ಬದಲಾಯಿಸಿ.

ಡಿಎಂ ಉದಾರಿಯಾಗಿದ್ದು, ಮೇಲಿನ ಲೆವೆಲ್‌ಗಳಲ್ಲಿ ನಿಮ್ಮನ್ನು ಪೂರ್ತಿ ವ್ಯಾಂಪೈರ್ ಮಾಡಿದರು ಅಂದುಕೊಳ್ಳಿ. ಆಗ ಎರಡು ವಿಷಯಕ್ಕೆ ತಯಾರಾಗಿ. ಒಂದು ಟರ್ನ್ ಅನ್‌ಡೆಡ್. 2014ರ ನಿಯಮದಲ್ಲಿ ಕ್ಲೆರಿಕ್ ಅದನ್ನು ಬಳಸಿದರೆ 30 ಅಡಿಯೊಳಗೆ ಅವರನ್ನು ನೋಡುವ ಅಥವಾ ಕೇಳುವ ಎಲ್ಲ ಅನ್‌ಡೆಡ್‌ಗಳೂ ವಿಸ್ಡಮ್ ಸೇವ್ ಮಾಡಬೇಕು. ಸೋತವರು ಒಂದು ನಿಮಿಷ, ಅಥವಾ ಏಟು ಬೀಳುವವರೆಗೆ, ಓಡುತ್ತಲೇ ಇರಬೇಕು. ನಮ್ಮವನು ಅಂತ ರಿಯಾಯಿತಿ ಇಲ್ಲ. ಕ್ಲೆರಿಕ್ ಆಡುವವರ ಜೊತೆ ಒಂದು ಸಂಕೇತ ಮಾಡಿಕೊಳ್ಳಿ. ಅವರು ತಮ್ಮ ದೇವರ ಸಿಂಬಲ್ ಎತ್ತುವ ಮೊದಲು ಕೂಗಲಿ, ನೀವು 30 ಅಡಿ ಆಚೆ ಓಡಿ.

ಇನ್ನೊಂದು ಶವಪೆಟ್ಟಿಗೆ. ವ್ಯಾಂಪೈರ್ ಹೊರಗೆಲ್ಲೋ ಸೊನ್ನೆ ಹಿಟ್ ಪಾಯಿಂಟ್‌ಗೆ ಬಂದರೆ ಸಾಯುವುದಿಲ್ಲ, ಮಂಜಾಗುತ್ತದೆ. ಎರಡು ಗಂಟೆಯೊಳಗೆ ತನ್ನ ಮಲಗುವ ಜಾಗ ಸೇರದಿದ್ದರೆ ನಾಶ. ಊರೂರು ಸುತ್ತುವ ಪಾರ್ಟಿಯಲ್ಲಿ ಅಂದರೆ ಪೆಟ್ಟಿಗೆ ಜೊತೆಗೇ ಬರಬೇಕು. ಎಲ್ಲರೂ ಮೊದಲು ಬ್ಯಾಗ್ ಆಫ್ ಹೋಲ್ಡಿಂಗ್ (ಹೊರಗಿಗಿಂತ ಒಳಗೆ ದೊಡ್ಡದಾದ ಮಾಯಾ ಚೀಲ) ಅನ್ನುತ್ತಾರೆ. ಆಗುವುದಿಲ್ಲ, ಅದರ ಬಾಯಿ ಎರಡು ಅಡಿ ಅಗಲ, ಆಳ ನಾಲ್ಕೇ ಅಡಿ. ಪೋರ್ಟಬಲ್ ಹೋಲ್ (ಮಡಚಿ ಒಯ್ಯುವ ಮಾಯಾ ಗುಂಡಿ) ಆರು ಅಡಿ ಅಗಲ, ಹತ್ತು ಅಡಿ ಆಳ. ಅದರಲ್ಲಿ ಪೆಟ್ಟಿಗೆ ನೆಟ್ಟಗೆ ನಿಲ್ಲುತ್ತದೆ. ಆದರೆ ಬ್ಯಾಗ್ ಆಫ್ ಹೋಲ್ಡಿಂಗ್ ಹೆಗಲಿಗೆ ಹಾಕಿಕೊಂಡವರನ್ನು ಅದರೊಳಗೆ ಇಳಿಸಬೇಡಿ. ಎರಡೂ ಹಾಳಾಗಿ ಆಸ್ಟ್ರಲ್ ಪ್ಲೇನ್ ಅನ್ನುವ ಬೇರೆ ಲೋಕಕ್ಕೆ ಬಾಗಿಲು ತೆರೆದುಕೊಳ್ಳುತ್ತದೆ, ಹತ್ತು ಅಡಿಯೊಳಗೆ ಇದ್ದವರೆಲ್ಲ ಅತ್ತ ಎಳೆದುಕೊಂಡು ಹೋಗುತ್ತಾರೆ. ಕ್ಲೆರಿಕ್ ಕೂಡ.