ಮಗುವಿಗೆ ನಾಲ್ಕು ತಿಂಗಳು, ತಾಯಿಗೆ 10 ಕಿಲೋ ಇಳಿಸುವ ಅವಸರ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆ ತಾಯಿಯ ಒಪ್ಪಿಗೆ ಇದೆ.)

ವಯಸ್ಸು 29. ಹುಬ್ಬಳ್ಳಿಯಲ್ಲಿ ಗಂಡ, ಅತ್ತೆ, ಮೈದುನನ ಜೊತೆ ವಾಸ. ತವರು ಗದಗ ಜಿಲ್ಲೆಯ ಒಂದು ಹಳ್ಳಿ. ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಈಗ ರಜೆಯಲ್ಲಿದ್ದಾರೆ. ಸಿಸೇರಿಯನ್ ಆಗಿ ನಾಲ್ಕು ತಿಂಗಳು, ಹೆಣ್ಣುಮಗು. ಬಸುರಿಯಾಗುವ ಮೊದಲು 58 ಕಿಲೋ ಇದ್ದವರು ಈಗ 70. ಎರಡು ತಿಂಗಳಲ್ಲಿ ಮೈದುನನ ಮದುವೆ. ಅಷ್ಟರೊಳಗೆ 10 ಕಿಲೋ ಇಳಿಯಲೇಬೇಕು, ನನಗೆ ಮನಸ್ಸಿನ ಗಟ್ಟಿತನ ಸಾಲುತ್ತಿಲ್ಲ, ಏನಾದರೂ ಮಾಡಿ ಎಂದು ಆಹಾರ ಸಲಹೆಗೆ ನನ್ನ ಹತ್ತಿರ ಬಂದರು.

ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಏನೇನು ತಿಂದಿರಿ ಎಂದು ಕೇಳಿದೆ. ಬೆಳಗ್ಗೆ ನೀರಿನಲ್ಲಿ ಕಲಸಿದ ಒಂದು ಪುಡಿ. ಮಧ್ಯಾಹ್ನ ಸೌತೆಕಾಯಿ, ಗಜ್ಜರಿ, ಒಂದಿಷ್ಟು ಮಜ್ಜಿಗೆ. ರಾತ್ರಿ ಊಟ ಇಲ್ಲ, 'ತೂಕ ಇಳಿಸುವ ಚಹಾ' ಮಾತ್ರ. ಪುಡಿ, ಚಹಾ ಎರಡೂ ವಾಟ್ಸಾಪ್ ಗುಂಪಿನಲ್ಲಿ ಕೊಂಡಿದ್ದು. ರೊಟ್ಟಿ, ಅನ್ನ ಮುಟ್ಟಲೇಬೇಡಿ ಎಂದು ಮಾರಿದವರು ಹೇಳಿದ್ದರಂತೆ. ಮೂರು ವಾರದಿಂದ ಹೀಗೇ ನಡೆದಿತ್ತು. ಇವರಲ್ಲಿ ಗಟ್ಟಿತನಕ್ಕೇನೂ ಕೊರತೆ ಇರಲಿಲ್ಲ. ಮಗುವಿಗೆ ಹಾಲು ಕೊಡುತ್ತಾ, ರಾತ್ರಿ ನಿದ್ದೆಗೆಟ್ಟು, ಇಷ್ಟು ಹಸಿವು ತಡೆದುಕೊಳ್ಳುವುದು ಅಂದರೆ ಸುಮ್ನೆ ಮಾತಲ್ಲ.

ತವರಿನಲ್ಲಿ ಮೂರು ತಿಂಗಳ ಬಾಣಂತನ ಚೆನ್ನಾಗಿಯೇ ಆಗಿತ್ತು. ಅಳವಿ ಪಾಯಸ, ಅಂಟಿನುಂಡಿ, ಕೊಬ್ಬರಿ-ಬೆಲ್ಲ, ಬಿಸಿ ರೊಟ್ಟಿಯ ಮೇಲೆ ತುಪ್ಪ. "ಉಣ್ಣವಾ, ಹಾಲ ಹೆಂಗ ಬರಬೇಕು?" ಎಂದು ಅವ್ವ ಬೇಡ ಅಂದರೂ ಬಡಿಸುತ್ತಿದ್ದರು. ಗಂಡನ ಮನೆಗೆ ಬಂದ ವಾರದಲ್ಲೇ ಮದುವೆ ಮಾತಿಗೆ ಬಂದ ನೆಂಟರೊಬ್ಬರು, "ಗುರುತ ಸಿಗಲಿಲ್ಲ ನೋಡವಾ, ಭಾಳ ದಪ್ಪಾಗಿಯಲ್ಲ" ಅಂದರು. ಎಲ್ಲರೂ ನಕ್ಕರು, ಗಂಡನೂ ನಕ್ಕರು. ಈ ಮಾತು ಹೇಳುವಾಗ ಅವರಿಗೆ ಅಳು ತಡೆಯಲಾಗಲಿಲ್ಲ. ಮೂರು ತಿಂಗಳು ತಿನ್ನು ಅಂತ ಒತ್ತಾಯ, ನಾಲ್ಕನೇ ತಿಂಗಳು ಯಾಕೆ ತಿಂದೆ ಅಂತ ಪ್ರಶ್ನೆ. ಬಾಣಂತಿಯರ ಜೊತೆ ನಾವು ಹೀಗೆ ನಡೆದುಕೊಳ್ಳುವುದನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಅದಕ್ಕಾಗಿಯೇ ಈ ಪ್ರಕರಣ ಬರೆಯುತ್ತಿದ್ದೇನೆ.

ತೂಕದ ಮಾತು ಬದಿಗಿಟ್ಟು ಮೊದಲು ಮಗುವಿನ ತೂಕ ಬರೆದಿಡುವ ತಾಯಿ ಕಾರ್ಡ್ ನೋಡಿದೆ. ಮಗು ಮೂರು ತಿಂಗಳಿಗೆ 5.4 ಕಿಲೋ, ನಾಲ್ಕಕ್ಕೆ 5.6. ಈ ವಯಸ್ಸಿನಲ್ಲಿ ಹೆಣ್ಣುಮಗು ಒಂದು ತಿಂಗಳಲ್ಲಿ ಸಾಮಾನ್ಯವಾಗಿ ಅರ್ಧ ಕಿಲೋ ಏರುತ್ತದೆ, ಇಲ್ಲಿ 200 ಗ್ರಾಂ ಮಾತ್ರ. ಸುಸ್ತಿನಿಂದ ರಾತ್ರಿ ಹಾಲು ಕೊಡುವುದು ಕಡಿಮೆ ಆಗಿತ್ತು. ಅತ್ತೆ ನಡುನಡುವೆ ಸಕ್ಕರೆ ನೀರು, ಗ್ರೈಪ್ ವಾಟರ್ ಕುಡಿಸುತ್ತಿದ್ದರು. ಮಗು ಎಷ್ಟು ಕುಡಿಯುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ಕುಡಿಯುವುದು ಕಡಿಮೆಯಾದರೆ ಹಾಲೂ ಇಳಿಯುತ್ತದೆ. ಆದ್ದರಿಂದ ಪೂರ್ತಿ ತಪ್ಪು ಪುಡಿಯದೇ ಎಂದು ಹೇಳಲಾರೆ. ಉಪವಾಸ, ಸುಸ್ತು, ಸಕ್ಕರೆ ನೀರು ಎಲ್ಲವೂ ಒಟ್ಟಿಗೆ ಸೇರಿಕೊಂಡಿದ್ದವು.

ಹೆರಿಗೆ ನಂತರದ ಖಿನ್ನತೆ ಅಳೆಯುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 30ಕ್ಕೆ 11 ಅಂಕ ಬಂತು. ಸಾಯಬೇಕು ಅನ್ನಿಸುವುದು, ತನಗೆ ನೋವು ಮಾಡಿಕೊಳ್ಳಬೇಕು ಅನ್ನಿಸುವುದು ಇರಲಿಲ್ಲ. ಗಮನ ಇಡಬೇಕಾದ ಅಂಕ ಇದು, ಎರಡು ವಾರ ಬಿಟ್ಟು ಮತ್ತೆ ನೋಡೋಣ ಅಂದೆ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟೆ. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅದೇ ದಿನ ಕೊಟ್ಟ ಸಲಹೆ: ಪುಡಿ, ಚಹಾ ಎರಡನ್ನೂ ಇವತ್ತೇ ನಿಲ್ಲಿಸಿ. ಆ ಚಹಾದಲ್ಲಿ ಸೋನಾಮುಖಿ ಎಲೆ ಇತ್ತು. ಅದು ಭೇದಿಯ ಔಷಧಿ. ಇಳಿಯುವುದು ಮೈಯಲ್ಲಿನ ನೀರು, ಕೊಬ್ಬು ಇದ್ದಲ್ಲೇ ಇರುತ್ತದೆ. ರೊಟ್ಟಿ, ಅನ್ನ ಪೂರ್ತಿ ಬಿಡುವುದು ಇನ್ನೂ ಅಪಾಯ. ಹಾಲಿನಲ್ಲಿರುವ ಸಕ್ಕರೆ ಅಂಶ ತಾಯಿಯ ರಕ್ತದ ಗ್ಲೂಕೋಸ್‌ನಿಂದಲೇ ತಯಾರಾಗಬೇಕು. ಹಾಲುಣಿಸುವ ತಾಯಂದಿರು ಹಿಟ್ಟಿನ ಆಹಾರ ಪೂರ್ತಿ ಬಿಟ್ಟು ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ವಿಪರೀತ ಏರುವುದು) ಆಗಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಅಪರೂಪ, ಆದರೆ ಜೀವಕ್ಕೆ ಬರುವಂಥದ್ದು. ವಾಂತಿ, ಏದುಸಿರು, ವಿಪರೀತ ಸುಸ್ತು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ತೂಕ ಇಳಿಸುವ ಮಾತ್ರೆ, ಇಂಜೆಕ್ಷನ್‌ಗಳೂ ಹಾಲುಣಿಸುವಾಗ ಬೇಡ.

ಮಗುವನ್ನು ಮಕ್ಕಳ ವೈದ್ಯರಿಗೆ, ಇವರನ್ನು ಹೆರಿಗೆ ಮಾಡಿಸಿದ ವೈದ್ಯರಿಗೆ ತೋರಿಸಲು ಹೇಳಿದೆ. ಥೈರಾಯ್ಡ್ ಸರಿಯಾಗಿತ್ತು. ಹಿಮೋಗ್ಲೋಬಿನ್ 9.8, ಅದು 12 ಇರಬೇಕಿತ್ತು. ಬಿ12 ಕೂಡ ಕಡಿಮೆ. ಮನೆ ಶುದ್ಧ ಸಸ್ಯಾಹಾರಿ. ಕಾಳು, ಸೊಪ್ಪಿನಲ್ಲಿ ಬಿ12 ಸಿಗುವುದಿಲ್ಲ. ಅದು ಇದ್ದದ್ದು ಹಾಲು-ಮೊಸರಿನಲ್ಲಿ, ಅದನ್ನೂ ಇವರು ಬಹುತೇಕ ಬಿಟ್ಟಿದ್ದರು. ತಾಯಿ ಅರ್ಧಹೊಟ್ಟೆ ಉಂಡರೂ ಎದೆಹಾಲಿನ ಕ್ಯಾಲ್ಸಿಯಂ ಅಷ್ಟಾಗಿ ಇಳಿಯುವುದಿಲ್ಲ, ದೇಹ ತಾಯಿಯ ಮೂಳೆಯಿಂದಲೇ ತೆಗೆದುಕೊಡುತ್ತದೆ. ಬಿ12 ಹಾಗಲ್ಲ. ತಾಯಿಯಲ್ಲಿ ಕಡಿಮೆ ಇದ್ದರೆ ಹಾಲಿನಲ್ಲೂ ಕಡಿಮೆ. ಆ ಕೊರತೆ ಮುಂದುವರಿದರೆ ಮಗು ಮಂಕಾಗುತ್ತದೆ, ಕತ್ತು ನಿಲ್ಲುವುದು, ಕೂರುವುದು ತಡವಾಗುತ್ತದೆ. ವೈದ್ಯರು ತಾಯಿಗೆ ಬಿ12 ಶುರು ಮಾಡಿದರು. ಮಗುವಿನ ಬೆಳವಣಿಗೆಯ ಮೇಲೂ ಕಣ್ಣಿಟ್ಟರು.

ಕಬ್ಬಿಣದ ಮಾತ್ರೆಯನ್ನು ಹೆರಿಗೆ ಆದ ಮೇಲೆ ಬಿಟ್ಟೇಬಿಟ್ಟಿದ್ದರು. ತುಂಬಾ ಜನ ಹೀಗೆ ಮಾಡುತ್ತಾರೆ. ಸರ್ಕಾರದ ಕಾರ್ಯಕ್ರಮದಲ್ಲಿ ಹೆರಿಗೆಯ ನಂತರವೂ 180 ದಿನ ದಿನಕ್ಕೊಂದು ಕಬ್ಬಿಣ-ಫೋಲಿಕ್ ಆಸಿಡ್ ಮಾತ್ರೆ, ಆರು ತಿಂಗಳು ಕ್ಯಾಲ್ಸಿಯಂ ಮಾತ್ರೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ನುಂಗಬಾರದು, ಚಹಾ ಜೊತೆಗಂತೂ ಬೇಡವೇ ಬೇಡ.

ಆಮೇಲೆ ತೂಕದ ಲೆಕ್ಕಕ್ಕೆ ಬಂದೆವು. ತಾಯಿ ದಿನಕ್ಕೆ ಸುಮಾರು 750 ಮಿಲಿ ಹಾಲು ತಯಾರಿಸುತ್ತಾಳೆ. ರಾಷ್ಟ್ರೀಯ ಪೋಷಣಾ ಸಂಸ್ಥೆ ಐಸಿಎಂಆರ್-ಎನ್‌ಐಎನ್ 2020ರ ಲೆಕ್ಕದಂತೆ ಹಗುರ ಕೆಲಸದ ಹೆಣ್ಣಿಗೆ ದಿನಕ್ಕೆ 1660 ಕ್ಯಾಲೊರಿ ಸಾಕು. ಮೊದಲ ಆರು ತಿಂಗಳು ಹಾಲುಣಿಸುವಾಗ ಅದರ ಮೇಲೆ 600 ಬೇಕು, ಆಮೇಲಿನ ಆರು ತಿಂಗಳು 520. ಅಂದರೆ ಇವರಿಗೆ 2260. ಅದರಲ್ಲಿ 300-400 ಕಡಿಮೆ ಮಾಡಿದರೆ ಬಸುರಿನಲ್ಲಿ ಕೂಡಿಟ್ಟ ಕೊಬ್ಬು ನಿಧಾನಕ್ಕೆ ಕರಗುತ್ತದೆ. 1800ಕ್ಕಿಂತ ಕೆಳಗೆ ಬೇಡ. ವಾರಕ್ಕೆ ಹೆಚ್ಚೆಂದರೆ ಅರ್ಧ ಕಿಲೋ, ತಿಂಗಳಿಗೆ ಎರಡು ಕಿಲೋ. ಮದುವೆಗೆ 10 ಕಿಲೋ ಇಳಿಯುವುದಿಲ್ಲ ಎಂದು ನೇರವಾಗಿಯೇ ಹೇಳಿದೆ. ಮಗುವಿನ ತೂಕ ಸರಿಯಾಗಿ ಏರುವವರೆಗೆ, ಕಡೇಪಕ್ಷ ಒಂದು ತಿಂಗಳು, ಏನನ್ನೂ ಇಳಿಸುವುದು ಬೇಡ ಎಂದೂ ಹೇಳಿದೆ. ಬೇಸರ ಮಾಡಿಕೊಂಡರು. ಆದರೆ ಮಗುವಿನ ಕಾರ್ಡ್ ಮುಂದೆಯೇ ಇತ್ತು. ಒಪ್ಪಿದರು.

ಊಟ ಬದಲಿಸುವಾಗ ಅಡುಗೆಮನೆ ಬದಲಿಸಲಿಲ್ಲ. ನಮ್ಮ ಭಾಗದ ಊಟವೇ ಇದಕ್ಕೆ ಹೇಳಿ ಮಾಡಿಸಿದಂತಿದೆ, ಓಟ್ಸ್ ಡಬ್ಬಿ ತರುವ ಅಗತ್ಯವೇ ಇಲ್ಲ. ಎರಡು ಜೋಳದ ರೊಟ್ಟಿ, ದೊಡ್ಡ ಬಟ್ಟಲು ಮಡಕಿ ಅಥವಾ ಹೆಸರುಕಾಳಿನ ಪಲ್ಯ, ಸಬ್ಬಸಗಿ ಇಲ್ಲವೇ ಮೆಂತ್ಯ, ಹಸಿ ಹಕ್ಕರಕಿ ಸೊಪ್ಪು, ಒಂದು ಬಟ್ಟಲು ಮೊಸರು, ಒಂದು ಚಮಚ ಶೇಂಗಾ ಅಥವಾ ಅಗಸಿ ಹಿಂಡಿ (ಚಟ್ನಿಪುಡಿ). ರಾತ್ರಿಯೂ ಇದೇ, ಒಂದು ರೊಟ್ಟಿ ಕಡಿಮೆ, ಬೇಕಿದ್ದರೆ ಸ್ವಲ್ಪ ಅನ್ನ-ಸಾರು. ಬೆಳಗ್ಗೆ ಉಪ್ಪಿಟ್ಟೋ ದೋಸೆಯೋ, ಜೊತೆಗೆ ಹಾಲು. ಕೈ ಹಾಕಿದ್ದು ಮೂರೇ ಕಡೆ. ಪುಡಿ ಶುರುವಾಗುವ ಮೊದಲು ದಿನಕ್ಕೆ ಐದು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ, ಅದೊಂದೇ 200 ಕ್ಯಾಲೊರಿ. ಚಹಾ ಎರಡಕ್ಕೆ ಇಳಿಸಿದೆವು. ತುಪ್ಪ ದಿನಕ್ಕೆ ಮೂರು ದೊಡ್ಡ ಚಮಚದಿಂದ ಒಂದಕ್ಕೆ ಬಂತು, ಅಲ್ಲಿ ಇನ್ನೂ 200ಕ್ಕಿಂತ ಜಾಸ್ತಿ ಉಳಿಯಿತು. ಸಂಜೆಯ ಖಾರಿ, ಟೋಸ್ಟ್, ಮಿರ್ಚಿಯ ಜಾಗಕ್ಕೆ ಹುರಿಗಡಲೆ ಮಂಡಕ್ಕಿ, ಪೇರಲಹಣ್ಣು. ಅಂಟಿನುಂಡಿ ಪೂರ್ತಿ ಬಿಡಿಸಲಿಲ್ಲ. ಅವ್ವ ಕಷ್ಟಪಟ್ಟು ಮಾಡಿ ಕಳಿಸಿದ್ದು, ದಿನ ಬಿಟ್ಟು ದಿನ ಅರ್ಧ ತಿನ್ನಿ ಅಂದೆ. ಬಾಣಂತಿ ನೀರು ಜಾಸ್ತಿ ಕುಡಿಯಬಾರದು ಎಂಬ ಮಾತನ್ನು ಮಾತ್ರ ಗಟ್ಟಿಯಾಗಿ ತಳ್ಳಿಹಾಕಿದೆ. ಬಾಯಾರಿಕೆ ಆದಾಗೆಲ್ಲ ಕುಡಿಯಬೇಕು.

ವೈದ್ಯರು ಹೊಲಿಗೆ, ಹೊಟ್ಟೆಯ ಸ್ನಾಯು ನೋಡಿ ಒಪ್ಪಿದ ಮೇಲೆ ಉಣಕಲ್ ಕೆರೆ ದಂಡೆಯಲ್ಲಿ ನಡಿಗೆ ಶುರುವಾಯಿತು. 15 ನಿಮಿಷದಿಂದ 40ಕ್ಕೆ, ಮಗುವಿಗೆ ಹಾಲು ಕುಡಿಸಿ ಹೊರಡುವುದು. ನಡೆದರೆ ಹಾಲು ಕೆಡುತ್ತದೆ ಎಂದು ಅತ್ತೆಗೆ ಭಯ ಇತ್ತು, ಅದು ನಿಜವಲ್ಲ.

ಎರಡನೇ ಭೇಟಿಗೆ ಗಂಡ, ಅತ್ತೆ ಇಬ್ಬರನ್ನೂ ಕರೆಸಿದೆ. ಈ ಪ್ರಕರಣದಲ್ಲಿ ನಾನು ಹೆಚ್ಚು ಮಾತಾಡಿದ್ದು ಅವರ ಜೊತೆಗೇ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಮಾತ್ರ, ಸಕ್ಕರೆ ನೀರೂ ಬೇಡ. ದಿನಕ್ಕೆ ಎಂಟು ಸಲವಾದರೂ ಹಾಲು ಕುಡಿಯಬೇಕು, ಆರು ಸಲವಾದರೂ ಉಚ್ಚೆ ಮಾಡಬೇಕು. ಬೆಳಗಿನ ಜಾವ ಹಾಲು ಕುಡಿಸಿದ ಮೇಲೆ ಎರಡು ತಾಸು ಮಗು ಗಂಡನ ಹತ್ತಿರ, ತಾಯಿಗೆ ನಿದ್ದೆ. ರೊಟ್ಟಿ ಬಡಿಯಲು ಆಗದ ದಿನ ಓಣಿಯ ರೊಟ್ಟಿ ಅಂಗಡಿಯಿಂದ ತನ್ನಿ. ಮದುವೆ ಮುಗಿಯುವವರೆಗೆ, ಮುಗಿದ ಮೇಲೂ, ಆಕೆಯ ಮೈ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಬಾರದು. ನೆಂಟರು ಎತ್ತಿದರೆ ಉತ್ತರ ಕೊಡುವುದು ಗಂಡನ ಕೆಲಸ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೂ ಹಿಂಗ ಅಂದಿದ್ರು ಬಿಡ್ರಿ" ಅಂದರು. ಗಂಡ ಹೆಚ್ಚು ಮಾತಾಡಲಿಲ್ಲ, ಆದರೆ ನಿದ್ದೆಯ ವ್ಯವಸ್ಥೆ ಮರುದಿನದಿಂದಲೇ ಶುರುವಾಯಿತು.

ಎರಡು ವಾರದಲ್ಲಿ ಎಡಿನ್‌ಬರೋ ಅಂಕ 7ಕ್ಕೆ ಇಳಿಯಿತು. ಮುಂದಿನ ತಿಂಗಳು ಮಗು 550 ಗ್ರಾಂ ಏರಿತು. ಮದುವೆಯಲ್ಲಿ ಇವರ ತೂಕ 69. ಹೊಸ ಜಂಪರ್ ಹೊಲಿಸಿಕೊಂಡಿದ್ದರು, ಮದುವೆ ಫೋಟೋ ನನಗೂ ತೋರಿಸಿದರು. ಈಗ ಮಗುವಿಗೆ ಎಂಟು ತಿಂಗಳು. ಎದೆಹಾಲಿನ ಜೊತೆ ರಾಗಿ ಗಂಜಿ, ಬೇಳೆ-ಅನ್ನ ತಿನ್ನುತ್ತದೆ. ತಾಯಿ 66 ಕಿಲೋ, ಹಿಮೋಗ್ಲೋಬಿನ್ 11.4. ಬಿ12 ಮತ್ತೆ ಪರೀಕ್ಷೆ ಮಾಡಿಸಬೇಕು. ಜೂನ್‌ಗೆ ಶಾಲೆ ಶುರು. ಹಿಂಡಿಟ್ಟ ಹಾಲನ್ನು ಅತ್ತೆ ಹೇಗೆ ಕುಡಿಸಬೇಕು, ಮಧ್ಯಾಹ್ನದ ಊಟ ತಪ್ಪದಂತೆ ಡಬ್ಬಿಗೆ ಏನು ಕಟ್ಟಬೇಕು ಎಂದು ಮುಂದಿನ ಭೇಟಿಯಲ್ಲಿ ಕೂತು ಮಾತಾಡುತ್ತೇವೆ.