ಪ್ರಾಣಿಗಳ ಮಕೆಟ್ (ಪಾತ್ರದ ಸಣ್ಣ ಮಣ್ಣಿನ ಮಾದರಿ) ಮಾಡೋದು ಕಲಿಯಲು ಎಲ್ಲಿಂದ ಶುರು ಮಾಡಲಿ?

ಕ್ಯಾರೆಕ್ಟರ್ ಡಿಸೈನ್ ಕಲಿಯುತ್ತಿದ್ದೇನೆ, ಕಾಗದದ ಮೇಲೆ ಪರವಾಗಿಲ್ಲ, ಆದರೆ ಮಣ್ಣಲ್ಲಿ ಮಾಡಿದ ನಾಯಿ ಮೇಜಿನ ಹಾಗೆ ಕಾಣುತ್ತದೆ ಎಂದು ಬರೆದಿದ್ದೀರಿ. ನಗು ಬಂತು. ನನ್ನ ಮೊದಲ ನಾಲ್ಕೈದು ಪ್ರಾಣಿಗಳೂ ಮೇಜುಗಳೇ.

ಒಂದು ಕೆಲಸ ಮಾಡಿ. ನೆಲಕ್ಕೆ ಕೈಯೂರಿ, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲಿ. (ಬಾಗಿಲು ಹಾಕಿಕೊಳ್ಳಿ, ಮನೆಯವರು ಗಾಬರಿಯಾದಾರು.) ಈಗ ನೀವು ಹೆಚ್ಚುಕಮ್ಮಿ ನಾಯಿ. ಅದರ ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವುದು ಮಂಡಿಯಲ್ಲ, ಹಿಮ್ಮಡಿ. ಮಂಡಿ ಇರುವುದು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ. ಕುದುರೆ ಒಂದೊಂದು ಕಾಲಿಗೆ ಒಂದೇ ಬೆರಳೂರಿ ನಿಲ್ಲುತ್ತದೆ. ಆದರೆ ಕರಡಿ ಹಿಂಗಾಲಲ್ಲಿ ನಮ್ಮ ಹಾಗೆ ಹಿಮ್ಮಡಿ ಊರುತ್ತದೆ. ಅದಕ್ಕೇ ಕರಡಿಗೆ ಪ್ಯಾಂಟು ತೊಡಿಸಿ ಎರಡು ಕಾಲಲ್ಲಿ ನಿಲ್ಲಿಸಿದರೂ ಕಣ್ಣು ಒಪ್ಪಿಬಿಡುತ್ತದೆ.

ಹೆಗಲು ಇನ್ನೂ ಮುಖ್ಯ. ನಾಯಿಯ ಹೆಗಲ ಮೂಳೆ ಎದೆಗೂಡಿಗೆ ಕೀಲಿನಿಂದ ಸೇರಿಲ್ಲ, ಬರೀ ಮಾಂಸಖಂಡದ ಹಿಡಿತದಲ್ಲಿದೆ. ಒಂದು ಮುಂಗಾಲಿನ ಮೇಲೆ ಭಾರ ಬಿದ್ದರೆ ಆ ಕಡೆಯ ಹೆಗಲು ಬೆನ್ನಿನ ಮೇಲಕ್ಕೆ ಎದ್ದು ಕಾಣುತ್ತದೆ. ಮೇಜಿನ ಕಾಲು ಹಾಗೆ ಮಾಡಲ್ಲ, ಅಲ್ವಾ? ಬೀದಿಯಲ್ಲಿ ನಡೆಯುವ ಹಸುವನ್ನು ಹಿಂದಿನಿಂದ, ಮೇಲಿನಿಂದ ನೋಡಿ ಗೀಚಿಕೊಳ್ಳಿ. ನಾವು ಪಕ್ಕದಿಂದ ಬಿಡಿಸೋದೇ ಜಾಸ್ತಿ. ಮಣ್ಣಿಗೆ ಕೈ ಹಾಕಿದಾಗ ಸಿಕ್ಕಿಬೀಳುವುದೂ ಅಲ್ಲೇ.

ಮಾದರಿಯ ಒಳಗೆ ಅಸ್ಥಿಪಂಜರದ ಹಾಗೆ ತಂತಿ ಇಡುತ್ತೇವೆ. ಗಣೇಶ ಮಾಡುವ ಜೇಡಿಮಣ್ಣು ಆ ತಂತಿಯ ಮೇಲೆ ನಿಲ್ಲಲ್ಲ. ಒಣಗಿದಂತೆ ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗಲ್ಲ, ಬಿರುಕು ಬಿಡುತ್ತದೆ. ಕಲಿಯಲು ಆಯಿಲ್ ಕ್ಲೇ (ಎಣ್ಣೆ ಬೆರೆಸಿದ ಮಣ್ಣು) ಸಾಕು. ಅದು ಒಣಗುವುದೇ ಇಲ್ಲ, ಕೆಡಿಸಿ ಮತ್ತೆ ಮಾಡಬಹುದು. ಒಂದು ಗೇಣು ಎತ್ತರದ ಪ್ರಾಣಿಗೆ 3 ಮಿ.ಮೀ. ಅಲ್ಯೂಮಿನಿಯಂ ತಂತಿ ನಡೆಯುತ್ತದೆ. ತಂತಿಯಲ್ಲೇ ಬೆನ್ನು, ಹೆಗಲು, ಹಿಮ್ಮಡಿ ಎಲ್ಲ ಬಗ್ಗಿಸಿ, ಮರದ ಹಲಗೆಗೆ ಬಿಗಿಯಿರಿ. ಬರೀ ತಂತಿ ನೋಡಿದರೇ ಯಾವ ಪ್ರಾಣಿ ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮಣ್ಣು ಹಚ್ಚಬೇಡಿ.

ಉಳಿಸಿಕೊಳ್ಳುವ ಮಾದರಿಗೆ ಮಾತ್ರ ಸೂಪರ್ ಸ್ಕಲ್ಪಿಯಂಥ ಪಾಲಿಮರ್ ಕ್ಲೇ, ಅಂದರೆ ಓವನ್‌ನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಕ್ಲೇ. ಸುಮಾರು 130 ಡಿಗ್ರಿಯಲ್ಲಿ, 6 ಮಿ.ಮೀ. ದಪ್ಪಕ್ಕೆ 15 ನಿಮಿಷ ಬೇಯಿಸಬೇಕು. ಒಳಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ತುಂಬಿ, ಮೇಲೆ ತೆಳ್ಳಗೆ ಕ್ಲೇ ಹಚ್ಚಿ. ನಾನು ಫಾಯಿಲ್ ಯಾಕೆ ಸುಮ್ನೆ ಅಂತ ಒಂದು ಎಮ್ಮೆಯ ಹೊಟ್ಟೆಗೆ ಇಡೀ ಕ್ಲೇಯನ್ನೇ ತುರುಕಿದ್ದೆ. ಅಮ್ಮನ ಕೇಕ್ ಓವನ್‌ನಿಂದ ಹೊರಬಂದಾಗ ಬೆನ್ನಿನುದ್ದಕ್ಕೂ ಸೀಳಿತ್ತು. ಓವನ್ ಕೇಳುವ ಮುಖವೂ ಉಳಿಯಲಿಲ್ಲ.

ಮಕೆಟ್ ಅಂದರೆ ಶೋಕೇಸ್ ಗೊಂಬೆಯಲ್ಲ ಅನ್ನೋದೂ ನೆನಪಿರಲಿ. 1940ರ ಕಾರ್ಟೂನ್ ಸಿನಿಮಾ 'ಪಿನೋಕಿಯೋ' ತಯಾರಾಗುವಾಗ ಡಿಸ್ನಿಯಲ್ಲಿ ಇಂಥ ಮಾದರಿಗಳನ್ನು ಮಾಡಿದ್ದು, ಹಲವರು ಸೇರಿ ಬಿಡಿಸುವ ಒಂದೇ ಪಾತ್ರ ಯಾವ ಕಡೆಯಿಂದ ನೋಡಿದರೂ ಒಂದೇ ಥರ ಇರಲಿ ಅಂತ. ಹಾಗಾಗಿ ರೋಮ, ಕಣ್ಣಿನ ರೆಪ್ಪೆ ಎಲ್ಲ ಕೊನೆಗೆ. ಮೊದಲು ಹಲಗೆ ತಿರುಗಿಸುತ್ತಾ ಎಂಟು ಕಡೆಯಿಂದ ಫೋಟೋ ತೆಗೆದು, ಫೋನಿನಲ್ಲಿ ಪ್ರಾಣಿಯನ್ನು ಪೂರ್ತಿ ಕಪ್ಪು ಮಾಡಿ ನೆರಳಿನ ಹಾಗೆ ನೋಡಿ. ಯಾವ ನೆರಳಲ್ಲಿ ನಾಯಿ ಮತ್ತೆ ಮೇಜಾಗುತ್ತದೋ ಆ ಕಡೆಯ ಹೆಗಲನ್ನು ಕಿತ್ತು ಮತ್ತೆ ಕಟ್ಟಿ.