ಪದ್ಮಿನಿಗೆ ಎಕ್ಸ್‌ಟ್ರಾ ಮೀಟರ್: ಡ್ಯಾಶ್‌ಬೋರ್ಡ್ ಕೊರೆಯಬೇಡಿ

ಸರ್, 1978ರ ಪ್ರೀಮಿಯರ್ ಪದ್ಮಿನಿಗೆ ಆಯಿಲ್ ಪ್ರೆಶರ್ ಮೀಟರ್, ಆಂಪ್‌ಮೀಟರ್ ಹಾಕಿಸೋಕೆ ಡ್ಯಾಶ್‌ಬೋರ್ಡ್ ಕೊರೆಯಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಕೊರೆಯಬೇಡಿ. ಕೊರೆದ ತೂತು ಮತ್ತೆ ಮುಚ್ಚಿದರೂ ಮೊದಲಿನ ಹಾಗೆ ಆಗಲ್ಲ. 52 ಮಿ.ಮೀ. ಮೀಟರ್ ಎರಡು ಹಿಡಿಸೋ ಬ್ರಾಕೆಟ್ ತಂದು ಡ್ಯಾಶ್ ಕೆಳಗೆ ಕೂರಿಸಿ.

ಆಂಪ್‌ಮೀಟರ್ ಬದಲು ವೋಲ್ಟ್‌ಮೀಟರ್ ತಗೊಳ್ಳಿ. ಆಂಪ್‌ಮೀಟರ್ ಹಾಕಿದರೆ ಗಾಡಿಯ ಹೆಚ್ಚುಕಮ್ಮಿ ಇಡೀ ಕರೆಂಟು ಡ್ಯಾಶ್ ಹಿಂದೆ ಹಾದು ಹೋಗಬೇಕು; ಅಲ್ಲಿ ಒಂದು ಕನೆಕ್ಷನ್ ಸಡಿಲವಾದರೂ ಬೆಂಕಿಯ ಭಯ. ವೋಲ್ಟ್‌ಮೀಟರ್‌ಗೆ ಇಗ್ನಿಷನ್ ಲೈನಿಂದ ಸಣ್ಣ ಫ್ಯೂಸ್ ಹಾಕಿದ ಒಂದು ವೈರು, ಒಂದು ಅರ್ತಿಂಗ್, ಅಷ್ಟೇ.

ಆಯಿಲ್ ಮೀಟರ್‌ನಲ್ಲಿ ಎಲ್ಲರೂ ಎಡವೋದು ಥ್ರೆಡ್‌ನಲ್ಲಿ. ಅಂಗಡೀಲಿ ಸಿಗೋ ಸೆಂಡರ್ (ಇಂಜಿನ್‌ಗೆ ಕೂರಿಸೋ, ಆಯಿಲ್ ಒತ್ತಡವನ್ನು ಮೀಟರ್‌ಗೆ ತಿಳಿಸೋ ಭಾಗ) ಹೆಚ್ಚಾಗಿ 1/8 ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್, ಇಂಚಿಗೆ 27 ಸುತ್ತು. ಬ್ರಿಟಿಷ್ ಪೈಪ್ ಥ್ರೆಡ್ ಆದ 1/8 ಬಿಎಸ್‌ಪಿಗೆ 28. ಹೊಂದದ ಥ್ರೆಡ್ಡೂ ಮೊದಲೆರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಬಿಗಿಯುತ್ತೆ. ಅಲ್ಲಿ ಸ್ಪ್ಯಾನರ್ ಒತ್ತಿದರೆ ಇಂಜಿನ್ ಬ್ಲಾಕ್‌ನ ಥ್ರೆಡ್ಡೇ ಹೋಯ್ತು. ಇಂಜಿನ್‌ನಲ್ಲಿರೋ ಹಳೇ ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿಕೊಂಡು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ, ಅದಕ್ಕೆ ಹೊಂದೋ ಟೀ ಅಡಾಪ್ಟರ್ (ಹಳೇ ಸ್ವಿಚ್, ಹೊಸ ಸೆಂಡರ್ ಎರಡನ್ನೂ ಒಂದೇ ತೂತಿಗೆ ಕೂರಿಸೋ T ಆಕಾರದ ಜೋಡಣೆ) ತನ್ನಿ. ಆಗ ಡ್ಯಾಶ್‌ನ ಕೆಂಪು ಆಯಿಲ್ ದೀಪವೂ ಉಳಿಯುತ್ತೆ. ಒಂದೇ ವೈರಿನ ಸೆಂಡರ್‌ಗೆ ಅರ್ತಿಂಗ್ ಸಿಗೋದು ಥ್ರೆಡ್ ಮೂಲಕವೇ, ಹಾಗಾಗಿ ಟೆಫ್ಲಾನ್ ಟೇಪ್ ಸುತ್ತಬೇಡಿ. ಮೀಟರ್, ಸೆಂಡರ್ ಎರಡೂ ಒಂದೇ ಸೆಟ್‌ನವಾಗಿರಲಿ, ಇಲ್ಲಾಂದ್ರೆ ಮುಳ್ಳು ತಪ್ಪು ತೋರಿಸುತ್ತೆ.

ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ ಸರ್.